ಗೆರೆಯ ಒಳಗೆ, ಗೆರೆಯ ಹೊರಗೆ

ಮನೆ ಕಟ್ಟುವವನು ಮೊದಲು ಮಾಡುವ ಕೆಲಸ ಗೋಡೆ ಎಬ್ಬಿಸುವುದಲ್ಲ, ಗೆರೆ ಎಳೆಯುವುದು. ಹಿಂದಿನವರು ನಾಲ್ಕು ಗೂಟ ಬಡಿದು, ಹುರಿ ಬಿಗಿದು, ಸುಣ್ಣದ ಪುಡಿ ಉದುರಿಸಿ, 'ಇಲ್ಲಿಂದ ಇಲ್ಲಿಗೆ ಮನೆ' ಎಂದು ಗೊತ್ತುಮಾಡುತ್ತಿದ್ದರು. ಗೋಡೆ ಸೊಟ್ಟಗಾದರೆ ಗಾರೆಯವನನ್ನು ಬೈಯಬಹುದು. ಗೆರೆಯೇ ಸೊಟ್ಟಗಾದರೆ ಬೈಯುವುದಕ್ಕೆ ಯಜಮಾನನ ಹೊರತು ಇನ್ನಾರೂ ಸಿಗುವುದಿಲ್ಲ. ಈಗ ಆ ಗೂಟ, ಹುರಿ, ಸುಣ್ಣ ಮೂರೂ ಕಂಪ್ಯೂಟರಿನೊಳಕ್ಕೆ ಹೋಗಿ ಸೇರಿವೆ. ಗೆರೆ ಎಲ್ಲಿ ಎಳೆಯಬೇಕೆಂಬ ಚಿಂತೆ ಮಾತ್ರ ಹೊರಗೇ ಉಳಿದಿದೆ.

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ, ಕಾಫಿ ತೋಟದ ನಡುವೆ, ಒಂದು ಹಳೆಯ ಮನೆಯಿದೆ. ಹಿಂದೆ ಗುಡ್ಡ, ಮುಂದೆ ಕಾಫಿ ಒಣಗಿಸುವ ಕಣ, ಕಣದ ಕೆಳಗೆ ಆಳುಗಳ ಲೈನು ಮನೆಗಳು, ಅದರ ಕೆಳಗೆ ಹಳ್ಳ. ಮನೆಯ ಯಜಮಾನರಾದ ಗೌಡರಿಗೆ ಎಪ್ಪತ್ತು ದಾಟಿದೆ. ಮಾಡಿನ ಹಂಚು ಒಡೆದು ಮಳೆಗಾಲದಲ್ಲಿ ನಡುಮನೆಯಲ್ಲಿ ಪಾತ್ರೆಗಳನ್ನು ಇಡಬೇಕಾಗಿ ಬಂದಿತ್ತು. ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿಯಾಗಿದ್ದ ಮಗಳು, ಮನೆಯನ್ನು ಸರಿಪಡಿಸಿ ಹಿಂಬದಿಯಲ್ಲಿ ಎರಡು ಕೋಣೆ ಸೇರಿಸಿದರೆ ತಾನೂ ಊರಿಗೇ ಬಂದು ನಿಲ್ಲುವುದಾಗಿ ಹೇಳಿದಳು. ಈ ಮಾತು ಕೇಳಿದ ದಿನ ಗೌಡರಿಗೆ ಮಾಡು ಸೋರುವುದೂ ಒಂದು ಭಾಗ್ಯವೆಂದೇ ತೋರಿರಬೇಕು.

ಒಂದು ಬೇಸಗೆಯಲ್ಲಿ ಅವಳು ಬಂದಳು. ಟೇಪು ಹಿಡಿದು ಮೂಲೆಮೂಲೆಯನ್ನೂ ಅಳೆದಳು. ಗೌಡರು ನಕ್ಷೆಯ ಕಾಗದಕ್ಕಾಗಿ ಕಾದರು. ಕಾಗದ ಬರಲಿಲ್ಲ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿತು.

'ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್', ಚಿಕ್ಕದಾಗಿ ಬಿ.ಐ.ಎಂ., ಎಂದು ಕರೆಯುವ ಈ ವಿದ್ಯೆ ತೀರ ಹೊಸದೇನೂ ಅಲ್ಲ. 1975ರಲ್ಲಿಯೇ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಎಂಬ ಪ್ರಾಧ್ಯಾಪಕರು, ಕಟ್ಟಡವನ್ನು ನಕ್ಷೆಗಳ ಕಟ್ಟಾಗಿ ಬಿಡದೆ ಕಂಪ್ಯೂಟರಿನಲ್ಲಿ ಒಂದೇ ವರ್ಣನೆಯಾಗಿ ಇಟ್ಟುಕೊಳ್ಳಬಹುದೆಂದು ಬರೆದಿದ್ದರು. ಇಂದಿನ ಹೆಸರು 1992ರ ಹೊತ್ತಿಗೆ ಬಳಕೆಗೆ ಬಂದಿತು. ಕಾಗದದ ಮೇಲೆ ಗೋಡೆಯೆಂದರೆ ಎರಡು ಗೆರೆ. ಇಲ್ಲಿ ಗೋಡೆಗೆ ತಾನು ಗೋಡೆಯೆಂದು ಗೊತ್ತು. ತನ್ನ ದಪ್ಪವೆಷ್ಟು, ಇಟ್ಟಿಗೆ ಯಾವುದು, ತನ್ನಲ್ಲಿ ಬಾಗಿಲು ಎಲ್ಲಿದೆ ಎಂಬುದೆಲ್ಲ ಅದರ ನೆನಪಿನಲ್ಲಿರುತ್ತದೆ. ಬಾಗಿಲನ್ನು ಒಂದು ಅಡಿ ಸರಿಸಿದರೆ ಎಲ್ಲ ನಕ್ಷೆಗಳಲ್ಲಿಯೂ ಅದು ತಾನಾಗಿ ಸರಿಯುತ್ತದೆ.

ಇಷ್ಟು ಬುದ್ಧಿಯಿರುವ ಯಂತ್ರಕ್ಕೂ ಮೊದಲು ಮೂರು ನಾಲ್ಕು ವಿಷಯಗಳನ್ನು ಮನುಷ್ಯನೇ ಹೇಳಿಕೊಡಬೇಕು. ಎಲ್ಲಿಂದ ಅಳೆಯಬೇಕು? ಉತ್ತರ ಯಾವುದು? ನೆಲದ ಮಟ್ಟಗಳು ಎಷ್ಟು? ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಯಾವುದು ಯಾವ ಜಾಗ, ಕೆಲಸದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ?

ಮೊದಲನೆಯ ಪ್ರಶ್ನೆ ಹಳೆಯದು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಅಳೆಯಹೊರಟ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ನೇರಗೆರೆಯನ್ನು ಸರಪಳಿ ಹಿಡಿದು ಅಳೆದ. ತ್ರಿಕೋನಗಳ ಲೆಕ್ಕವೆಲ್ಲ ಅಂಥ ಗೆರೆಯ ಮೇಲೆ ನಿಲ್ಲಬೇಕಾಗಿತ್ತು. ಮನೆಗೂ ಅಂಥ ಒಂದು ಮೂಲಬಿಂದು ಬೇಕು. ಮಗಳು ಎರಡನ್ನು ಇಟ್ಟುಕೊಂಡಳು. ಜಗತ್ತಿನ ಭೂಪಟದಲ್ಲಿ ಈ ಮನೆ ಎಲ್ಲಿದೆಯೆಂದು ಹೇಳುವುದಕ್ಕೆ ಒಂದು. ಮನೆಯ ಒಳಗಿನ ಅಳತೆಗೆ, ದೇವರ ಕೋಣೆಯ ಮೂಲೆಯಲ್ಲಿ, ಇನ್ನೊಂದು. ಭೂಪಟದ ದೊಡ್ಡ ದೊಡ್ಡ ಅಂಕಿಗಳನ್ನೇ ಒಳಗೂ ಬಳಸಿದರೆ, ಮೂಲದಿಂದ ಬಹುದೂರ ಹೋದ ಲೆಕ್ಕದಲ್ಲಿ ಸೂಕ್ಷ್ಮತೆ ಕೆಟ್ಟು ಗೆರೆಗಳು ನಡುಗುತ್ತವೆ. ಉತ್ತರವೂ ಹಾಗೆಯೇ ಎರಡು. ಗುಡ್ಡದ ಇಳಿಜಾರಿಗೆ ಹೊಂದಿಕೊಂಡು ಓರೆಯಾಗಿ ನಿಂತ ಮನೆಯನ್ನು ಪರದೆಯ ಮೇಲೆ ನೆಟ್ಟಗೆ ಕಾಣಿಸುವುದಕ್ಕೆ ಒಂದು ಉತ್ತರ. ಬಿಸಿಲು ಎಲ್ಲಿಂದ ಬೀಳುತ್ತದೆಂದು ತಿಳಿಯುವುದಕ್ಕೆ ನಿಜವಾದ ಉತ್ತರ.

"ಎರಡು ಉತ್ತರವೇ?" ಎಂದರು ಗೌಡರು. "ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವವರು ಬರೀ ವಕೀಲರು ಅಂದುಕೊಂಡಿದ್ದೆ."

ನಗುವಿನಲ್ಲಿ ಆ ದಿನ ಕಳೆಯಿತು. ಮರುದಿನ ಜಾಗಗಳ ಪಟ್ಟಿ ಸಿದ್ಧವಾಯಿತು. ಪರದೆಯ ಮೇಲೆ ಮನೆ ಬಣ್ಣಬಣ್ಣದ ಚೌಕಗಳಾಗಿ ಹರಡಿತ್ತು. ಪಕ್ಕದಲ್ಲಿ ಪ್ರತಿಯೊಂದರ ಚದರಡಿ. ಅಡಿಗೆಮನೆ, ನಡುಮನೆ, ದೇವರ ಕೋಣೆ, ಮಲಗುವ ಕೋಣೆಗಳು, ಬಚ್ಚಲು. ಗೌಡರು ಕನ್ನಡಕ ಏರಿಸಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓದಿದರು.

"ಏನೇ ಮಾರಾಯ್ತಿ, ಜಗಲಿ ಎಲ್ಲಿ ಹೋಯ್ತು?"

ಜಗಲಿ ಎಲ್ಲಿಗೂ ಹೋಗಿರಲಿಲ್ಲ. ಅವರು ಕುಳಿತದ್ದೇ ಜಗಲಿಗೆ ತಾಗಿದ ಕಿಟಕಿಯ ಬಳಿ. ಆದರೆ ಪಟ್ಟಿಯಲ್ಲಿ ಅದಿರಲಿಲ್ಲ. ಮಗಳು ಕಾರಣ ಹುಡುಕಿದಳು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳಿಗಾಗಿ ಮಾಡಿಟ್ಟಿದ್ದ ಹಳೆಯ ಅಚ್ಚನ್ನೇ ಅವಳು ಇಲ್ಲಿಗೂ ತಂದಿದ್ದಳು. ಮಾರಾಟದ ಮನೆಗಳ ಅಳತೆಯಲ್ಲಿ ಮೋಸ ನಡೆಯಬಾರದೆಂದು 2016ರ ರೇರಾ ಕಾಯಿದೆ 'ಕಾರ್ಪೆಟ್ ಏರಿಯಾ' ಎಂಬುದಕ್ಕೆ ಖಚಿತವಾದ ಅರ್ಥ ಕೊಟ್ಟಿದೆ. ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ವರಾಂಡ, ತೆರೆದ ತಾರಸಿ ಸೇರುವುದಿಲ್ಲ. ಪಟ್ಟಣದಲ್ಲಿ ಮನೆ ಕೊಳ್ಳುವವನಿಗೆ ಇದು ದೊಡ್ಡ ಉಪಕಾರ. ಆದರೆ ಈ ಮನೆಯನ್ನು ಯಾರೂ ಮಾರುತ್ತಿರಲಿಲ್ಲ. ಸಾಲದೆಂಬಂತೆ, ಯಂತ್ರಕ್ಕೆ ನಾಲ್ಕು ಕಡೆಯೂ ಗಡಿ ಕೂಡಿಕೊಳ್ಳಬೇಕು. ಮುಂಬದಿಯಲ್ಲಿ ಬರಿಯ ಕಂಬಗಳಿರುವ ಜಗಲಿಗೆ ಮುಚ್ಚಿದ ಗಡಿಯಿಲ್ಲ. ಗಡಿಯಿಲ್ಲದ್ದಕ್ಕೆ ಅಳತೆಯೂ ಇಲ್ಲ.

ಮಲೆನಾಡಿನ ಮನೆಯಲ್ಲಿ ಜಗಲಿ ಎಂದರೆ ಏನೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಹೊರಗಿನವನು ಚಪ್ಪಲಿ ಬಿಡುವುದು ಅಲ್ಲಿ, ಆಳುಗಳಿಗೆ ವಾರದ ಬಟವಾಡೆ ಆಗುವುದು ಅಲ್ಲಿ, ಹೆಣ್ಣು ನೋಡಲು ಬಂದವರು ಕೂರುವುದು ಅಲ್ಲಿ, ಕೊನೆಗೊಮ್ಮೆ ಮನೆಯ ಹಿರಿಯನನ್ನು ಮಲಗಿಸುವುದೂ ಅಲ್ಲಿಯೇ. ಗೌಡರು ಎದ್ದುಹೋಗಿ ಕಂಬದಿಂದ ಕಂಬಕ್ಕೆ ಕೈ ಚಾಚಿ ತೋರಿಸಿದರು. 33 ಅಡಿ ಉದ್ದ, 11 ಅಡಿ ಅಗಲ. ಹಿಂದಿನ ಮೋಜಣಿಯ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ.

"ನಮ್ಮಜ್ಜ ಒಂದು ಸರಪಳಿ ಉದ್ದಕ್ಕೆ ಕಟ್ಟಿಸಿದ್ದು. ಮೂರರಲ್ಲೊಂದು ಗುಂಟೆ ಆಯ್ತು. ಅದನ್ನು ನಿನ್ನ ಪೆಟ್ಟಿಗೆ ನುಂಗಿತಲ್ಲ!"

ಪೆಟ್ಟಿಗೆ ನುಂಗಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತ್ತು, ಅಷ್ಟೆ. ಮಗಳು ಕಂಬಗಳ ಸಾಲಿನಗುಂಟ ಕೈಯಾರೆ ಒಂದು ಗಡಿಗೆರೆ ಎಳೆದಳು. ಗೋಡೆ ಏಳಲಿಲ್ಲ, ಗೆರೆ ಮಾತ್ರ ಬಿತ್ತು. ಒಡನೆಯೇ 363 ಚದರಡಿ ಎಂಬ ಅಂಕಿ ಮೂಡಿತು. ಬಳಿಕ ಅವಳು ಕಾಯಿದೆಯ ಲೆಕ್ಕವನ್ನು ಅದರ ಪಾಡಿಗೆ ಬಿಟ್ಟು, ಮನೆಯ ಬಳಕೆಯ ಲೆಕ್ಕವೆಂದು ಬೇರೆಯೇ ಒಂದು ಪಟ್ಟಿಯನ್ನು ತೆರೆದಳು. ಒಂದೇ ನೆಲಕ್ಕೆ ಒಂದಕ್ಕಿಂತ ಹೆಚ್ಚು ಬಗೆಯ ವಿಂಗಡಣೆಗಳನ್ನು, ಒಂದನ್ನೊಂದು ಕೆಡಿಸದಂತೆ, ಇಟ್ಟುಕೊಳ್ಳುವುದಕ್ಕೆ ಈ ತಂತ್ರಾಂಶದಲ್ಲಿ ಅವಕಾಶವಿದೆ. ಅವಸರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಒಂದಕ್ಕೇ ತೃಪ್ತರಾಗುತ್ತಾರೆ.

ಈ ಹೊಸ ಪಟ್ಟಿಯಲ್ಲಿ ಕಣವೂ ತೊಡಕು ಕೊಟ್ಟಿತು. ಅದಕ್ಕೆ ಯಾವ ಹೆಸರು? ಡಿಸೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಕಾಫಿ ಒಣಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಯ ಚಪ್ಪರ ಏಳುತ್ತದೆ. ಜೂನ್ ಬಂದರೆ ಅದು ನೀರು ಹರಿಯುವ ಬಯಲು. ಯಂತ್ರ ಒಂದು ಜಾಗಕ್ಕೆ ಒಂದೇ ಹೆಸರು ಕೇಳುತ್ತಿತ್ತು. ಮಗಳು 'ಕಣ' ಎಂದೇ ಬರೆದಳು. ಆ ಎರಡಕ್ಷರದಲ್ಲಿ ವರ್ಷವೆಲ್ಲ ಅಡಗಿದೆಯೆಂದು ಮನೆಯವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಾಗಬೇಕಾಗಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಕೆಲಸದ ಎಲ್ಲೆ. ಅವಳು ಮನೆಯ ಹಿಂಗೋಡೆಯಿಂದ 3 ಮೀಟರು ಬಿಟ್ಟು ಗೆರೆ ಹಾಕಿದ್ದಳು. ಹಿಂದಿನ ಧರೆಯನ್ನು ಅಷ್ಟು ಕಡಿದು ಮಟ್ಟಮಾಡಿದರೆ ಎರಡು ಕೋಣೆಗಳಿಗೆ ಜಾಗ ಸಿಗುತ್ತದೆ. ಪರದೆಯ ಮೇಲೆ ಅದು ಬಹು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಗೆರೆಯ ಆಚೆ ಬಿಳಿಯ ಬಯಲು. ಅಲ್ಲಿ ಏನೂ ಇರಲಿಲ್ಲ.

ಗೌಡರು ಆ ಬಿಳಿಯ ಬಯಲನ್ನೇ ನೋಡುತ್ತ ಕುಳಿತರು. ಅಲ್ಲಿ ಗುಡ್ಡವಿತ್ತು.

2019ರ ಆಗಸ್ಟಿನ ಮಳೆಯನ್ನು ಮೂಡಿಗೆರೆ ಸೀಮೆಯವರು ಮರೆತಿಲ್ಲ. ಆ ಮಳೆಯಲ್ಲಿ ಹಲವೆಡೆ ಗುಡ್ಡಗಳು ಜಾರಿದವು. ತೋಟ, ದಾರಿ, ಮನೆಗಳು ಮಣ್ಣಿನಡಿಯಾದವು. ಬಿಡದೆ ಸುರಿಯುವ ಮಳೆಯಲ್ಲಿ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನೆಲದೊಳಗಿನಿಂದ ಜಲ ಏಳುತ್ತದೆ. ಅಂಥ ಗುಡ್ಡದ ಬುಡವನ್ನು ಮನೆಗೋ ದಾರಿಗೋ ನೆಟ್ಟಗೆ ಕಡಿದಿದ್ದರೆ, ನೀರು ಹೋಗುವ ಹಳೆಯ ದಾರಿಯನ್ನು ಮುಚ್ಚಿದ್ದರೆ, ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಆ ಮಳೆಯಲ್ಲಿ ಈ ಮನೆಯ ಹಿಂದಿನ ಧರೆಯೂ ಒಂದಾಳಗಲ ಜರಿದು ಬಚ್ಚಲ ಗೋಡೆಗೆ ಒರಗಿ ನಿಂತಿತ್ತು. ಆಗ ಮಗಳು ಬೆಂಗಳೂರಿನಲ್ಲಿದ್ದಳು. ಫೋನಿನಲ್ಲಿ 'ಸ್ವಲ್ಪ ಮಣ್ಣು ಬಿತ್ತು' ಎಂದಷ್ಟೇ ಅವಳಿಗೆ ಹೇಳಿದ್ದರು.

"ನಿನ್ನ ಗೆರೆ ಇಲ್ಲಿಗೆ ನಿಂತಿತು. ಗುಡ್ಡಕ್ಕೆ ಯಾರು ಹೇಳ್ತಾರೆ, ಇಲ್ಲಿಗೆ ನಿಲ್ಲು ಅಂತ?" ಎಂದರು ಗೌಡರು.

ಮಗಳು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಳತೆಯವರನ್ನು ಕರೆದುಕೊಂಡು ಗುಡ್ಡದ ನೆತ್ತಿಯವರೆಗೂ ಹತ್ತಿದಳು. ಮೇಲಿನಿಂದ ಹಳ್ಳದವರೆಗೆ ಮಟ್ಟಗಳನ್ನು ತೆಗೆಸಿ, ಸಮ ಎತ್ತರದ ಗೆರೆಗಳನ್ನು ಯಂತ್ರಕ್ಕೆ ಊಡಿಸಿದಳು. ಬಿಳಿಯ ಬಯಲಿನಲ್ಲಿ ಗುಡ್ಡ ಎದ್ದು ನಿಂತಿತು. ಕಾಯಿದೆಯ ಲೆಕ್ಕ, ಬಳಕೆಯ ಲೆಕ್ಕಗಳ ಜೊತೆಗೆ ಮೂರನೆಯದಾಗಿ ಮಳೆಯ ಲೆಕ್ಕವೆಂಬ ವಿಂಗಡಣೆ ಹುಟ್ಟಿತು: ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಕೂಡುತ್ತದೆ. ಧರೆ ಕಡಿಯುವ ಯೋಚನೆ ಬಿಟ್ಟುಹೋಯಿತು. ಎರಡು ಕೋಣೆಗಳು ಪಕ್ಕದ ಹಳೆಯ ಕೊಟ್ಟಿಗೆಯ ಜಾಗಕ್ಕೆ ಬಂದವು. ಗುಡ್ಡದ ನೀರನ್ನು ಮನೆಯ ಹಿಂದೆಯೇ ತಡೆದು ಬಲಬದಿಗೆ ತಿರುಗಿಸಲು ಒಂದು ಕಲ್ಲುಕಟ್ಟಿನ ಚರಂಡಿ ಬರೆದದ್ದಾಯಿತು. ತಂದೆ, ಮಗಳು ಇಬ್ಬರಿಗೂ ಸಮಾಧಾನವಾಯಿತು.

ಅಷ್ಟರಲ್ಲಿ ಕಾಫಿ ತಂದ ಅಮ್ಮ ಲೋಟ ಇಡುತ್ತ ಪರದೆಯತ್ತ ಬಗ್ಗಿ ನೋಡಿದರು. ಆವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

"ಈ ಚರಂಡಿ ನೀರು ಎಲ್ಲಿಗೆ ಹೋಗುತ್ತೆ?"

"ಹಳ್ಳಕ್ಕೆ ಅಮ್ಮ."

"ನಡುವೆ ಲೈನು ಮನೆ ಇದೆಯಲ್ಲ?"

ಇತ್ತು. ಆದರೆ ಮಾದರಿಯಲ್ಲಿ ಇರಲಿಲ್ಲ. ಜಗಲಿ ಕಾಣದಿದ್ದಾಗ ಬೆರಗಾದ ಗೌಡರಿಗೆ, ಗುಡ್ಡ ಕಾಣದಿದ್ದಾಗ ಮುಖ ಗಂಟಿಕ್ಕಿದ ಗೌಡರಿಗೆ, ಐದು ಸಂಸಾರಗಳಿರುವ ಒಂದು ಸಾಲು ಮನೆ ಕಾಣದಿದ್ದುದು ಗೊತ್ತೇ ಆಗಿರಲಿಲ್ಲ. ಯಜಮಾನರ ಗೋಡೆ ಉಳಿಸಹೊರಟ ನೀರು ನೆಟ್ಟಗೆ ಆಳುಗಳ ಹೊಸ್ತಿಲಿಗೆ ಇಳಿಯುತ್ತಿತ್ತು. ಇದನ್ನು ಯಂತ್ರದ ತಪ್ಪೆನ್ನಲು ಬರುವಂತಿರಲಿಲ್ಲ. ಬೆಂಗಳೂರಿನ ಅಚ್ಚಿನ ತಪ್ಪೆಂದು ಹೇಳಲೂ ಬರುವಂತಿರಲಿಲ್ಲ.

ಗೌಡರು ಬಹಳ ಹೊತ್ತು ಲೋಟ ಹಿಡಿದುಕೊಂಡೇ ಕುಳಿತರು. ಆಮೇಲೆ ಮಗಳ ಕಡೆ ತಿರುಗಿ, "ಅದನ್ನೂ ಬರಿ. ಅದಕ್ಕೂ ನಂಬರು ಹಾಕು. ಹಂಚು ಹಾಕಿಸುವಾಗ ಅಲ್ಲಿಂದಲೇ ಶುರುಮಾಡೋಣ," ಎಂದರು.

ಕೆಲಸದ ಎಲ್ಲೆ ಈಗ ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಹರಡಿತು. ಚರಂಡಿ ಲೈನು ಮನೆಗಳನ್ನು ಬಳಸಿಕೊಂಡು ಹೋಗುವಂತೆ ತಿರುಗಿತು. ಉದ್ದ ಹೆಚ್ಚಿತು, ಖರ್ಚೂ ಹೆಚ್ಚಿತು. ಆ ಖರ್ಚಿಗಾಗಿ ಎರಡು ಕೋಣೆಗಳಲ್ಲಿ ಒಂದು ಚಿಕ್ಕದಾಯಿತು. ಅದು ಮಗಳ ಕೋಣೆ. ಅವಳು ತಾನಾಗಿಯೇ ಗೆರೆಯನ್ನು ಒಳಕ್ಕೆ ಸರಿಸಿದಳು. ಪಟ್ಟಿಯಲ್ಲಿ ಚದರಡಿಯ ಅಂಕಿ ಸದ್ದಿಲ್ಲದೆ ಕೆಳಗಿಳಿಯಿತು.

ಎಷ್ಟು ಜಾಣ ಯಂತ್ರವಾದರೂ ಗೆರೆಯ ಒಳಗಿರುವುದನ್ನು ಮಾತ್ರ ಅಳೆಯಬಲ್ಲದು. ಹೊರಗೆ ಯಾರು ಉಳಿದರೆಂದು ಕೇಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಕು. ಆ ಮನೆಯಲ್ಲಿ ಕಾಫಿಯ ಲೋಟ ಹಿಡಿದು ಬಂದವರೊಬ್ಬರಿದ್ದರು. ಜೂನ್ ಮೊದಲ ವಾರ ಮಳೆ ಹಿಡಿದಾಗ ಗೌಡರು ಛತ್ರಿ ಬಿಡಿಸಿಕೊಂಡು ಮನೆಯ ಹಿಂದಕ್ಕೆ ಹೋಗಲಿಲ್ಲ. ಮೊದಲು ಕೆಳಗಿಳಿದು, ಲೈನು ಮನೆಗಳ ಬದಿಯ ಹೊಸ ಚರಂಡಿಯಲ್ಲಿ ನೀರು ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಿಕೊಂಡು ಬಂದರು. ಬಂದವರು ಜಗಲಿಯಲ್ಲಿ ಛತ್ರಿ ಮಡಿಸಿಟ್ಟು, ಕಂಬಕ್ಕೆ ಒರಗಿ ಕುಳಿತರು.