ಸರಿಯಾದ ಸರಿ

ನಮ್ಮ ಮನೆಯಲ್ಲಿ ಮಕ್ಕಳಿಗೆ ರಾಗಿ ಸರಿ ಮಾಡುವುದು ಅತ್ತೆಯವರ ಖಾತೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ ಡಬ್ಬಿ ತುಂಬುವವರೆಗೆ ಅಡುಗೆಮನೆಗೆ ಬೇರೆಯವರಿಗೆ ಪ್ರವೇಶವಿಲ್ಲ. ನನ್ನ ಗಂಡ, ಇಬ್ಬರು ನಾದಿನಿಯರು, ನನ್ನ ಮಗಳು ಎಲ್ಲ ಅದನ್ನು ತಿಂದೇ ಬೆಳೆದವರು. ಮಗನ ವಿಷಯದಲ್ಲಿ ಮಾತ್ರ ಆ ಸರಿ ಕೈಕೊಟ್ಟಿತು.

ಅವನು ಹುಟ್ಟಿದಾಗ ತಡವಾಗಿ ಅತ್ತ. ಕತ್ತು ನಿಂತದ್ದೂ ತಡ. ಸೆರೆಬ್ರಲ್ ಪಾಲ್ಸಿ ಎಂದರು ಡಾಕ್ಟರು. ಬಾಯಿಗಿಟ್ಟದ್ದು ಅರ್ಧ ಹೊರಗೇ ಬರುತ್ತಿತ್ತು. 'ಗಟ್ಟಿಯಾಗಿದ್ರೆ ಮಗು ಹ್ಯಾಗೆ ನುಂಗುತ್ತೆ? ಇನ್ನೊಂದು ಲೋಟ ನೀರು ಹಾಕಮ್ಮ' ಎಂದರು ಅತ್ತೆ. ನನಗೂ ಅದೇ ಸರಿಯೆನಿಸಿತು. ಕಾಲು ನೀಡಿ, ಮಗುವನ್ನು ಅಂಗಾತ ಮಲಗಿಸಿಕೊಂಡು, ಒಳಲೆಯಿಂದ ಹುಯ್ಯುತ್ತಿದ್ದೆವು. ವರ್ಷ ತುಂಬುವುದರೊಳಗೆ 3 ಸಲ ನ್ಯುಮೋನಿಯ ಬಂತು. ಶೀತ ಎಂದುಕೊಂಡೆವು, ದೃಷ್ಟಿ ಎಂದುಕೊಂಡೆವು.

ಕೊನೆಗೆ ಯಾರೋ ಹೇಳಿದರೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಮಾತು ಕಲಿಸುವವರಿಗೂ ಊಟಕ್ಕೂ ಏನು ಸಂಬಂಧ ಎಂಬುದು ನನ್ನ ಅನುಮಾನ. ಮಾತಿಗೂ ನುಂಗುವುದಕ್ಕೂ ಬೇಕಾದದ್ದು ಅದೇ ತುಟಿ, ಅದೇ ನಾಲಗೆ, ಅದೇ ಗಂಟಲು ಎಂಬುದು ಅಲ್ಲಿ ಗೊತ್ತಾಯಿತು. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ನೀರಿನಂಥದ್ದು ಸರ್ರನೆ ಇಳಿಯುತ್ತದೆ. ಬಲವಿಲ್ಲದ ಗಂಟಲು ಅಷ್ಟು ಬೇಗ ಬಾಗಿಲು ಹಾಕಲಾರದು. ಅದರ ಮೇಲೆ ನಾವು ತಲೆ ಹಿಂದಕ್ಕೆ ವಾಲಿಸಿ ಹುಯ್ದಿದ್ದೆವು!

'ಒಂದು ಸಲವೂ ಕೆಮ್ಮಲಿಲ್ಲವಲ್ಲಾ' ಎಂದೆ. ಕೆಲವು ಮಕ್ಕಳು ಕೆಮ್ಮುವುದೇ ಇಲ್ಲವಂತೆ. ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿಯುತ್ತದೆ.

ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. 'ಈ ಕೈಯಲ್ಲೇ ಹುಯ್ದೆನಲ್ಲೇ' ಎಂದರು. ನಾನೂ ಹುಯ್ದಿದ್ದೆ, ಹೇಳಲು ಬಾಯಿ ಬರಲಿಲ್ಲ. ಮಾರನೆಯ ದಿನ ಒಳಲೆ ಅಟ್ಟ ಸೇರಿತು.

ಈಗ ಈ ಹದಗಳಿಗೆ 0ಯಿಂದ 7ರವರೆಗೆ ಅಂತರರಾಷ್ಟ್ರೀಯ ಲೆಕ್ಕವಿದೆ. 0 ಎಂದರೆ ನೀರು, 7 ಎಂದರೆ ನಮ್ಮ ನಿಮ್ಮ ಊಟ. ನಮ್ಮವನಿಗೆ 4 ಎಂದರು. ಚಮಚದಲ್ಲಿ ತೆಗೆದರೆ ಆಕಾರ ಬಿಡದೆ ನಿಲ್ಲಬೇಕು, ವಾಲಿಸಿದರೆ ಒಂದೇ ಮುದ್ದೆಯಾಗಿ ಬೀಳಬೇಕು, ಚಮಚಕ್ಕೆ ಅಂಟಿಕೊಳ್ಳಬಾರದು. ಕೇಳುವುದಕ್ಕೆ ಸುಲಭ. ಒಲೆಯ ಮೇಲೆ ಹದವಾಗಿದ್ದ ರಾಗಿ ಆರುವಷ್ಟರಲ್ಲಿ ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು. ಹಾಗಾಗಿ ತಿನ್ನಿಸುವ ಬಿಸಿಯಲ್ಲೇ ಚಮಚ ವಾಲಿಸಿ ನೋಡಬೇಕು. ಬಾಯಿಗಿಟ್ಟ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಜೊಲ್ಲು ಬೆರೆತು ಸರಿ ನೀರಾಗುತ್ತದೆ. ಎರಡು ಬಟ್ಟಲು ಇಟ್ಟುಕೊಂಡೆ.

ಒಮ್ಮೆ ಪಕ್ಕದ ಮನೆಯವರು ಪ್ರೀತಿಯಿಂದ ಮೊಳಕೆ ರಾಗಿ ಹಿಟ್ಟು ತಂದುಕೊಟ್ಟರು. ಅದೇ ಅಳತೆ, ಅದೇ ಪಾತ್ರೆ, ಆದರೂ ಸರಿ ಅಂಬಲಿಯಂತಾಯಿತು. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹೆಚ್ಚುತ್ತದೆಂದು ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನೆನಪಾದದ್ದು ಚಮಚ ಅವನ ತುಟಿಯ ಹತ್ತಿರ ಹೋದಾಗ. ಬೇರೆ ಮಕ್ಕಳಿಗೆ ಒಳ್ಳೆಯದೇ ಆದ ಹಿಟ್ಟು ಅದು.

(ಇದು ನಮ್ಮ ಹುಡುಗನ ಹದ. ಇನ್ನೊಂದು ಮಗುವಿಗೆ ಯಾವುದೆಂದು ಬಲ್ಲವರು ಪರೀಕ್ಷಿಸಿಯೇ ಹೇಳಬೇಕು.)

ಈಗವನಿಗೆ 9 ವರ್ಷ. ನೆಟ್ಟಗೆ ಕೂತು, ಗದ್ದ ಸ್ವಲ್ಪ ತಗ್ಗಿಸಿ, ನುಣ್ಣಗೆ ಕಿವುಚಿದ ಮೊಸರನ್ನ ತಿನ್ನುತ್ತಾನೆ. ಮೊನ್ನೆ ನೆಂಟರ ಮನೆಯಲ್ಲಿ ಯಾರೋ ಬಟ್ಟಲು ತುಂಬ ಶ್ಯಾವಿಗೆ ಪಾಯಸ ತಂದರು. ಹಾಲು ಒಂದು ಕಡೆ, ಎಳೆ ಒಂದು ಕಡೆ. ಅವನಿಗೆ ಅದರಷ್ಟು ಅಪಾಯದ್ದು ಇನ್ನೊಂದಿಲ್ಲ. ನಾನು ಏಳುವಷ್ಟರಲ್ಲಿ ಅತ್ತೆ ಬಟ್ಟಲು ಇಸಿದುಕೊಂಡು ಅಡುಗೆಮನೆಗೆ ಹೋಗಿದ್ದರು. ಮಿಕ್ಸಿ ತಿರುಗಿದ ಸದ್ದಾಯಿತು. ಹೊರಗೆ ಬಂದು ಎಲ್ಲರೆದುರು ಚಮಚ ವಾಲಿಸಿ ನೋಡಿದರು.

'ಬಿತ್ತು. ಈಗ ಕೊಡಮ್ಮ' ಎಂದರು.