ಕುಂದಾಣದಿಂದ ಜೋಗಕ್ಕೆ

ನಮ್ಮ ಕಾಲೇಜಿನ ಸಂಚಿಕೆಗೆ ಪ್ರವಾಸದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಭೂಗೋಳಶಾಸ್ತ್ರದ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನಗೆ ಮೊದಲು ನೆನಪಾದದ್ದು ಜೋಗದ ಜಲಪಾತವಲ್ಲ. ನಮ್ಮ ಹೊಲದಲ್ಲಿ ತಲೆಯ ಮೇಲೆ ಚಪ್ಪಡಿ ಕಲ್ಲು ಹೊತ್ತುಕೊಂಡಿರುವ ಮೂರನೆಯ ಬೋರು. ಇದೇನು ವಿಚಿತ್ರವೆಂದು ವಾಚಕರು ನಗಬಹುದು. ಆದರೆ ನನ್ನ ಪ್ರವಾಸದ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ.

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ಕುಂದಾಣ. ಹೊಯ್ಸಳ ರಾಮನಾಥನ ರಾಜಧಾನಿಯಾಗಿದ್ದ ಕುಂದಾಣಿ ಇದೇ ಎಂದು ನಮ್ಮ ಹಿರಿಯರು ಹೇಳಿಕೊಳ್ಳುತ್ತಾರೆ. ಹೊಸೂರಿನ ಕಡೆಯ ಕುಂದಾಣಿಯೇ ಅದು ಎನ್ನುವವರೂ ಇದ್ದಾರೆ. ಇತಿಹಾಸದ ವಿದ್ಯಾರ್ಥಿನಿಯಾದರೂ ನಾನು ಆ ಜಗಳಕ್ಕೆ ಕೈಹಾಕಲಾರೆ. ಆ ರಾಜನು ನೀರಿಗೆ ಏನು ಮಾಡುತ್ತಿದ್ದನೆಂಬುದಷ್ಟೇ ನನ್ನ ಕುತೂಹಲ. ಊರ ಹೊರಗೆ ಬಂದು ನಿಂತರೆ ನಂದಿಬೆಟ್ಟ ಕಾಣುತ್ತದೆ. ಆ ಬೆಟ್ಟದ ಸುತ್ತಮುತ್ತ ಪಾಲಾರ್, ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಂಬ ಐದು ನದಿಗಳು ಹುಟ್ಟುತ್ತವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಐದರಲ್ಲಿ ಒಂದಾದರೂ ವರ್ಷವಿಡೀ ಹರಿದದ್ದನ್ನು ನಾನು ಕಂಡಿಲ್ಲ.

ನಮಗಿದ್ದದ್ದು ಒಂದೂವರೆ ಎಕರೆ ದ್ರಾಕ್ಷಿತೋಟ. ಮೊದಲನೆಯ ಬೋರು ನಾನು ಹುಟ್ಟುವ ಮೊದಲೇ ಕೊರೆಸಿದ್ದು, ಅದು ಬತ್ತಿತು. ಎರಡನೆಯದೂ ಬತ್ತಿತು. 2023ರಲ್ಲಿ ಮಳೆ ಕೈಕೊಟ್ಟ ಮೇಲೆ, 2024ರ ಬೇಸಿಗೆಯಲ್ಲಿ, ತೆಂಗಿನಕಾಯಿ ಹಿಡಿದು ಪಾಯಿಂಟು ನೋಡುವವರನ್ನು ಕರೆಸಿ ತಂದೆಯವರು ಮೂರನೆಯದನ್ನು ಕೊರೆಸಿದರು. ರಿಗ್ ಲಾರಿ ರಾತ್ರಿಯೆಲ್ಲ ಆರ್ಭಟಿಸಿತು. ಬೆಳಗಿನ ಜಾವಕ್ಕೆ 1,150 ಅಡಿ ಮುಟ್ಟಿದಾಗಲೂ ಮೇಲೆ ಬಂದದ್ದು ಬಿಳಿಯ ಧೂಳು. ಆ ಧೂಳು ನಮ್ಮ ದ್ರಾಕ್ಷಿಯ ಎಲೆಗಳ ಮೇಲೆ, ಎಮ್ಮೆಯ ಬೆನ್ನಿನ ಮೇಲೆ, ತಂದೆಯವರ ಹುಬ್ಬಿನ ಮೇಲೆಲ್ಲ ಕೂತಿತ್ತು. ಈಗ ತೋಟವಿಲ್ಲ. ತಂದೆಯವರು ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನ ಹುಲ್ಲುಹಾಸಿಗೆ ನೀರು ಹಾಯಿಸುವ ಕೆಲಸಕ್ಕೆ ಹೋಗುತ್ತಾರೆ. ಆ ನೀರು ಟ್ಯಾಂಕರಿನಲ್ಲಿ ಬರುತ್ತದೆ.

ಆ ವರ್ಷದ ಅಕ್ಟೋಬರಿನಲ್ಲಿ ಕಾಲೇಜಿನಿಂದ ಮೂರು ದಿನದ ಶೈಕ್ಷಣಿಕ ಪ್ರವಾಸ ಗೊತ್ತಾಯಿತು. ತಲೆಗೆ 2,600 ರೂಪಾಯಿ. ನಾನು ಮನೆಯಲ್ಲಿ ಬಾಯಿಬಿಡಲು ಒಂದು ವಾರ ಹಿಡಿಯಿತು. ಹೆಣ್ಣುಮಗಳು ಮೂರು ದಿನ ಮನೆ ಬಿಟ್ಟು ಹೋಗುವುದೆಂದರೇನು ಎಂದು ಅಜ್ಜಿ ಗೊಣಗಿದರು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರು ನೋಡಕ್ಕೆ ದುಡ್ಡು ಕೊಟ್ಟು ಹೋಗ್ಬೇಕೇನವ್ವಾ?” ಎಂದರು. ನನಗೆ ಉತ್ತರ ತೋಚಲಿಲ್ಲ. ಮಾರನೆಯ ದಿನ ತಾಯಿಯವರು ಡೈರಿಯ ಬಟವಾಡೆಯ ಹಣವನ್ನು ನನ್ನ ಪುಸ್ತಕದ ಮೇಲೆ ಇಟ್ಟು, “ಬರ್ವಾಗ ಒಂದು ಬಾಟ್ಲಿ ಹೊಳೆ ನೀರು ತತ್ತಾ” ಎಂದರು. ಹೊರಡುವ ದಿನ ಬಾಗಿಲಲ್ಲಿ ನಿಂತ ತಂದೆಯವರದು ಇನ್ನೊಂದು ಕೋರಿಕೆ: “ಎಷ್ಟು ಅಡಿಯಿಂದ ಬೀಳ್ತೈತೆ, ಸರಿಯಾಗಿ ಕೇಳ್ಕೊಂಡ್ ಬಾ.”

ಬೆಳಗಿನ ಐದು ಘಂಟೆಗೆ ಬಸ್ಸು ಹೊರಟಿತು. ದೊಡ್ಡಬಳ್ಳಾಪುರ ದಾಟುವವರೆಗೆ ಹಾಡು, ಅಲ್ಲಿಂದ ಮುಂದೆ ನಿದ್ದೆ. ದಾಬಸ್‌ಪೇಟೆಯ ಹತ್ತಿರ ಶಿವಗಂಗೆಯ ಬೆಟ್ಟ ಮಂಜಿನೊಳಗಿಂದ ತಲೆ ಎತ್ತಿದಾಗ ಎಚ್ಚರಾಯಿತು. ಅಲ್ಲಿಯವರೆಗೂ ನಮ್ಮದೇ ನೆಲ: ಕೆಂಪು ಮಣ್ಣು, ತೆನೆ ಕಟ್ಟುತ್ತಿರುವ ರಾಗಿ, ನಡುವೆ ಸಾಲು ಸಾಲು ನೀಲಗಿರಿ. ತುಮಕೂರು ಕಳೆದು ಗುಬ್ಬಿಯ ಕಡೆಗೆ ತಿರುಗಿದ ಮೇಲೆ ತೆಂಗು ಆರಂಭವಾಯಿತು. ತಿಪಟೂರು, ಅರಸೀಕೆರೆಗಳವರೆಗೂ ಅದು ನಮ್ಮ ಜೊತೆ ಬಿಡಲಿಲ್ಲ. ಈ ತುಮಕೂರು–ಹೊನ್ನಾವರದ ದಾರಿಗೆ ಮೊದಲು 206ನೆಯ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರಿತ್ತು; ಈಗ ಸಂಖ್ಯೆಗಳು ಬದಲಾಗಿವೆ. ಒಂದೇ ದಾರಿಯಲ್ಲಿ ಕುಳಿತು ಬಯಲುಸೀಮೆಯನ್ನೂ ಮಲೆನಾಡನ್ನೂ ಕರಾವಳಿಯನ್ನೂ ನೋಡಬಹುದಾದ ರಸ್ತೆ ಇದು. “ಕರ್ನಾಟಕದ ಪ್ರಾಕೃತಿಕ ವಿಭಾಗಗಳನ್ನು ವಿವರಿಸಿ” ಎಂಬ ಐದು ಅಂಕದ ಪ್ರಶ್ನೆಗೆ ನಾನು ಎರಡು ಸಲ ಪೂರ್ತಿ ಅಂಕ ತೆಗೆದವಳು. ಆದರೆ ಬಯಲುಸೀಮೆಯೊಂದನ್ನು ಬಿಟ್ಟು ಉಳಿದದ್ದನ್ನು ಕಣ್ಣಿನಿಂದ ನೋಡಿರಲಿಲ್ಲ.

ಬಾಣಾವರದ ಬಳಿ ಬಸ್ಸಿನ ಟೈರು ಒಡೆದು ಒಂದೂವರೆ ಘಂಟೆ ಬಿಸಿಲಿನಲ್ಲಿ ನಿಂತೆವು. ಕಡೂರು, ಬೀರೂರುಗಳ ಕುರುಚಲು ಬಯಲು ದಾಟಿ ತರೀಕೆರೆಗೆ ಬರುವಷ್ಟರಲ್ಲಿ ಮೂರು ಘಂಟೆ. ಅಲ್ಲಿ ದೃಶ್ಯ ಒಮ್ಮೆಲೇ ತಿರುಗಿಬಿಟ್ಟಿತು. ಅಡಿಕೆ ತೋಟ, ಆಮೇಲೆ ಭದ್ರಾ ನಾಲೆಯ ಗದ್ದೆಗಳು. ನಾಲೆಯಲ್ಲಿ ನೀರು ಯಾರ ಹಂಗೂ ಇಲ್ಲದೆ ಓಡುತ್ತಿತ್ತು. ಪಕ್ಕದಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು, ಹುಡುಗರು ಧುಮುಕುತ್ತಿದ್ದರು. ಆ ನೀರನ್ನು ಯಾರೂ ತಿರುಗಿ ಸಹ ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿ “ನಲ್ಲಿ ನಿಲ್ಲಿಸೋದನ್ನ ಮರೆತವರೆ ಕಣೇ” ಎಂದಳು. ನಗು ಬಂತು, ಹೊಟ್ಟೆಯಲ್ಲಿ ಸಣ್ಣ ಉರಿಯೂ ಎದ್ದಿತು. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಅಧ್ಯಾಪಕರು ಕಿಟಕಿಯಿಂದಲೇ ತೋರಿಸಿದರು. ಶಿವಮೊಗ್ಗದಲ್ಲಿ ತುಂಗೆಯ ಸೇತುವೆ ದಾಟುವಾಗ ಕತ್ತಲಾಗಿತ್ತು. ರಾತ್ರಿ ಸಾಗರದಲ್ಲಿ ತಂಗಿದೆವು.

ಸಾಗರದ ಸುತ್ತಿನ ನೆಲಕ್ಕೆ ಒಂದು ವಿಶೇಷವುಂಟು. ಹತ್ತಿರದ ವರದಾಮೂಲದಲ್ಲಿ ಹುಟ್ಟುವ ವರದೆ ತುಂಗಭದ್ರೆಯನ್ನು ಸೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ. ಅದೇ ತಾಲ್ಲೂಕಿನಲ್ಲಿ ಹರಿಯುವ ಶರಾವತಿ ಪಶ್ಚಿಮಕ್ಕೆ ತಿರುಗಿ ಹೊನ್ನಾವರದ ಕಡಲಿಗೆ ಬೀಳುತ್ತಾಳೆ. ಮಳೆಯ ಹನಿ ಗುಡ್ಡದ ಯಾವ ಮಗ್ಗುಲಿಗೆ ಬಿತ್ತೆಂಬುದರ ಮೇಲೆ ಅದರ ಹಣೆಬರಹ ನಿಂತಿದೆ ಎಂದು ಅಧ್ಯಾಪಕರು ಹೇಳಿದರು.

ಎರಡನೆಯ ದಿನ ಬೆಳಿಗ್ಗೆ ಸಿಗಂದೂರಿಗೆ ಹೊರಟೆವು. ಹೊಳೆಬಾಗಿಲಿನಲ್ಲಿ ನಮ್ಮ ಬಸ್ಸೇ ಲಾಂಚಿನ ಮೇಲೆ ಹತ್ತಿತು. (2025ರ ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಗಿದೆ, ನಾವು ಹೋದಾಗ ಅದರ ಕಂಬಗಳು ಪಕ್ಕದಲ್ಲೇ ನಿಂತಿದ್ದವು.) ಕಣ್ಣು ಹಾಯುವವರೆಗೂ ನೀರು. 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಇದು. ಪೂರ್ಣ ಮಟ್ಟ ಸಮುದ್ರದಿಂದ 1,819 ಅಡಿ. ನಾನು ಫೋನು ಹಿಡಿದು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದೆ. ಕಂಬಿ ಹಿಡಿದು ನಿಂತಿದ್ದ ವಯಸ್ಸಾದ ಒಬ್ಬರು ಕೇಳಿದರು:

“ಎಲ್ಲಿಂದ ಬಂದದ್ದು ತಂಗೀ?”

“ದೇವನಹಳ್ಳಿ ಕಡೆಯಿಂದ ತಾತ, ಬೆಂಗಳೂರು ಗ್ರಾಮಾಂತರ.”

“ಬೆಂಗ್ಳೂರಾ! ನೀರು ನೋಡ್ಲಿಕ್ಕೆ ಬಂದದ್ದಾ, ತಗಂಡು ಹೋಗ್ಲಿಕ್ಕೆ ಬಂದದ್ದಾ?”

ಹಾಸ್ಯಕ್ಕೆ ಹೇಳಿದರೆಂದುಕೊಂಡು ನಕ್ಕೆ. ಅವರು ನಗಲಿಲ್ಲ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಎತ್ತುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಮಾಡಿದ್ದನ್ನು ಹೇಳಿದರು. ಆಮೇಲೆ ನೀರಿನ ಕಡೆಗೆ ಕೈ ತೋರಿಸಿ, “ಅಗೋ ಅಲ್ಲಿ, ಆ ಒಣಗಿದ ಮರದ ತುದಿ ಕಾಣ್ತದಲ್ಲ, ಅದರ ಆಚೆ ನಮ್ಮ ಮನೆ. ನಾನಾಗ ಎರಡನೇ ಕ್ಲಾಸು. ಲಾರಿಗೆ ತುಂಬಿ ಶಿವಮೊಗ್ಗದ ಹತ್ರ ಕಾಡಲ್ಲಿ ಇಳ್ಸಿ ಹೋದ್ರು. ಆ ಜಾಗಕ್ಕೆ ಹಕ್ಕುಪತ್ರ ಇವತ್ತಿಗೂ ಇಲ್ಲ. ಕರೆಂಟು ನಿಮ್ಮೂರಿಗೆಲ್ಲ ಹೋತು, ನಮ್ಮ ಗುಡಿಸಲಿಗೆ ಬರ್ಲಿಕ್ಕೆ ನನ್ನ ಮಕ್ಳು ಶಾಲೆಗೆ ಹೋಗೋ ಕಾಲ ಆತು” ಎಂದರು.

ಅವರಿಗೆ ನಮ್ಮ ಬೋರಿನ ಸಂಗತಿ ಹೇಳಬೇಕೆನ್ನಿಸಿತು. ನಮ್ಮಲ್ಲಿಯೂ ನೀರಿಲ್ಲ, ಬೆಂಗಳೂರೆಂದರೆ ನಾವಲ್ಲ, ಎನ್ನಬೇಕೆನ್ನಿಸಿತು. ಆದರೆ ಆ ಮಾತು ಪೂರ್ತಿ ನಿಜವಲ್ಲವೆಂದು ನನಗೇ ಗೊತ್ತಿತ್ತು. 2014ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿದ್ದು ಆ ಹಿಂದಿನ ತಿಂಗಳೇ. ಅದೂ ಪಶ್ಚಿಮಕ್ಕೆ ಹರಿಯುವ ಘಟ್ಟದ ನೀರೇ. ಕೋಲಾರ, ಚಿಕ್ಕಬಳ್ಳಾಪುರಗಳಿಗೂ ನಮ್ಮ ಜಿಲ್ಲೆಗೂ ಬರಬೇಕಾದದ್ದು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿ ನಮ್ಮ ತಂದೆಯವರು ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತುಬಿಟ್ಟಿದ್ದರು. ಲಾಂಚು ದಡ ಮುಟ್ಟಿತು. “ಬರ್ತೀನಿ ತಾತ” ಎಂದೆ. “ನಮ್ಮಲ್ಲಿ ಅಜ್ಜ ಅಂತಾರೆ ತಂಗೀ” ಎಂದು ಆಗ ನಕ್ಕರು. ಬಸ್ಸು ಹತ್ತುವ ಮೊದಲು ಬಾಟಲಿಯನ್ನು ತುಂಬಿಕೊಂಡೆ. ಸಣ್ಣದೇ ಬಾಟಲಿ. ಆದರೂ ಅವರು ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿದೆ.

ಮಧ್ಯಾಹ್ನ ಜೋಗ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳ ವರ್ಣನೆಯನ್ನು ಬಲ್ಲವರು ಬೇಕಾದಷ್ಟು ಮಾಡಿದ್ದಾರೆ. ನಾವು ನಿಂತಾಗ ಮಂಜು ಮೇಲೆದ್ದು ಎಲ್ಲವನ್ನೂ ಮುಚ್ಚಿ, ಶಬ್ದ ಮಾತ್ರ ಕೇಳುತ್ತಿತ್ತು. ಇಪ್ಪತ್ತು ನಿಮಿಷ ಕಾದ ಮೇಲೆ ತೆರೆ ಸರಿದಂತೆ ಮಂಜು ಸರಿಯಿತು. ಗೆಳತಿಯರೆಲ್ಲ ಕೂಗಿದರು. ನಾನು ಫಲಕ ಹುಡುಕಿ ಎತ್ತರ ನೋಡಿದೆ: 830 ಅಡಿ. ಎರಡು ಸಲ ಓದಿದೆ. ನಮ್ಮ ಬೋರಿನೊಳಗೆ ಈ ಜಲಪಾತವನ್ನು ನಿಲ್ಲಿಸಿದರೆ ಪೂರ್ತಿ ಮುಳುಗಿ, ಮೇಲೆ ಇನ್ನೂ ಮುನ್ನೂರಿಪ್ಪತ್ತು ಅಡಿ ಖಾಲಿ ಉಳಿಯುತ್ತದೆ.

ಇಲ್ಲಿ ವಿದ್ಯುತ್ತಿನ ಉತ್ಪಾದನೆ 1948ರಲ್ಲೇ ಆರಂಭವಾಯಿತು. ಲಿಂಗನಮಕ್ಕಿಯಾದ ಮೇಲೆ ಇನ್ನಷ್ಟು ಬೆಳೆಯಿತು. ನಾಡಿನ ಊರೂರಿಗೂ ಹೋದ ಆ ಕರೆಂಟಿನಿಂದಲೇ ನಮ್ಮಂಥ ಒಣ ತಾಲ್ಲೂಕುಗಳ ಪಂಪುಸೆಟ್ಟುಗಳು ತಿರುಗಿದವು. ಇಲ್ಲಿ ಬಿದ್ದ ನೀರಿನ ಬಲದಿಂದ ಅಲ್ಲಿ ಪಾತಾಳದ ನೀರನ್ನು ನಾವು ಎತ್ತಿ ಎತ್ತಿ ಮುಗಿಸಿದೆವು. ಇದನ್ನು ಗೆಳತಿಗೆ ಹೇಳಿದೆ. “ಇಲ್ಲಿಗೆ ಬಂದೂ ಲೆಕ್ಕ ಹಾಕ್ತೀಯಲ್ಲೇ” ಎಂದು ಎಳೆದುಕೊಂಡು ಹೋಗಿ ಚುರುಮುರಿ ಕೊಡಿಸಿದಳು. ಅದೂ ಸರಿಯೇ.

ಮೂರನೆಯ ದಿನ ಗೇರುಸೊಪ್ಪೆಯ ಘಟ್ಟ ಇಳಿದೆವು. ಕಾಡು, ತಿರುವು, ಬಸ್ಸಿನಲ್ಲಿ ಅರ್ಧ ಜನಕ್ಕೆ ವಾಂತಿ. ಹೊನ್ನಾವರದಲ್ಲಿ ಶರಾವತಿ ಅಗಲವಾಗಿ, ಆಯಾಸಗೊಂಡವಳಂತೆ ನಿಧಾನವಾಗಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಜೀವನದಲ್ಲಿ ಮೊದಲ ಬಾರಿಗೆ ಸಮುದ್ರ ನೋಡಿದೆ. ನಾಲಿಗೆಗೆ ಹಚ್ಚಿಕೊಂಡೂ ನೋಡಿದೆ.

ಮಾರನೆಯ ಬೆಳಿಗ್ಗೆ ಮನೆ ಸೇರಿದಾಗ ತಂದೆಯವರು ಕೆಲಸಕ್ಕೆ ಹೊರಟು ನಿಂತಿದ್ದರು. ಬ್ಯಾಗು ಇಳಿಸುವ ಮೊದಲೇ ಕೇಳಿದರು: “ಎಷ್ಟಂತವ್ವಾ?”

“ಎಂಟುನೂರ ಮೂವತ್ತು ಅಡಿ.”

ಬೆರಳಿನಲ್ಲಿ ಲೆಕ್ಕ ಹಾಕಿದರು. “ನಮ್ದೇ ಜಾಸ್ತಿ” ಎಂದು ನಕ್ಕರು. ಬೋರು ಕೊರೆಸಿದ ಮೇಲೆ ಅದರ ವಿಷಯವಾಗಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾಯಿಯವರು ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟರು. ನಾನು ಲಾಂಚಿನ ಅಜ್ಜನ ಸಂಗತಿ ಹೇಳಿದೆ. ತಂದೆಯವರು ಚಪ್ಪಲಿ ಮೆಟ್ಟಿದವರು ಹಾಗೆಯೇ ಜಗಲಿಯ ಮೇಲೆ ಕುಳಿತು ಕೊನೆಯವರೆಗೂ ಕೇಳಿದರು.

“ಮುಳುಗೋಯ್ತಲ್ಲ, ಅವರ ಊರ ಹೆಸರೇನಂತೆ?” ಎಂದರು.

ನಾನು ಕೇಳಿಕೊಂಡಿರಲಿಲ್ಲ.