ಬೇರಿನ ಒಡನಾಡಿ

'ಶಿಲೀಂಧ್ರ'ವೆಂಬ ಪದವು ಪಾಠದಲ್ಲಿ ಬಂದಾಗಲೆಲ್ಲ ನನಗೆ ಮೇಘದೂತವು ನೆನಪಾಗುತ್ತದೆ. ಮೋಡದ ಗುಡುಗಿಗೆ ನೆಲದಿಂದ ಅಣಬೆಗಳೇಳುವುದನ್ನೂ ಆ ನೆಲವು ಬಂಜೆಯಾಗದಿರುವುದನ್ನೂ ಕಾಳಿದಾಸನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅದು ಮುಂಬರುವ ಸಸ್ಯಸಮೃದ್ಧಿಯ ಸೂಚನೆಯೆಂದು ಮಲ್ಲಿನಾಥನ ವ್ಯಾಖ್ಯಾನ. ಆದರೆ ನಮ್ಮ ಬೆಳೆಗಳಿಗೆ ನೆರವಾಗುವ ಶಿಲೀಂಧ್ರವು ಕೊಡೆ ಬಿಚ್ಚಿ ಮೇಲೆ ಬರುವ ಜಾತಿಯದಲ್ಲ. ಅದು ಜೋಳ, ತೊಗರಿಗಳ ಬೇರಿನೊಳಗೆ ನೆಲಸಿ, ಕಣ್ಣಿಗೆ ಕಾಣದ ಎಳೆಗಳನ್ನು ಮಣ್ಣಿನಲ್ಲಿ ಹರಡಿ, ಬೇರು ತಾನಾಗಿ ತಲುಪಲಾರದ ಎಡೆಯಿಂದ ರಂಜಕವನ್ನು ತಂದುಕೊಡುತ್ತದೆ. ಮರಗಳ ಬೇರುಗಳಲ್ಲಿ ಇಂಥ ಸಹವಾಸವನ್ನು ಕಂಡ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸನು 1885ರಲ್ಲಿ ಅದಕ್ಕೆ 'ಮೈಕೊರೈಜಾ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಶಿಲೀಂಧ್ರದ ಬೇರು ಎಂದಷ್ಟೇ ಅದರ ಅರ್ಥ.

ಈ ನಂಟು ಗಿಡದ ವಂಶವಾಹಿಗಳಲ್ಲಿಯೇ ನೆಲೆಗೊಂಡಿದೆ. 2002ರಲ್ಲಿ ದ್ವಿದಳ ಸಸ್ಯಗಳಲ್ಲಿ ಗುರುತಿಸಲಾದ ಸಿಮ್‌ಆರ್‌ಕೆ ಎಂಬ ವಂಶವಾಹಿ ಕೆಟ್ಟರೆ ಗಿಡವು ಶಿಲೀಂಧ್ರವನ್ನೂ ಬರಮಾಡಿಕೊಳ್ಳದು, ಬೇರುಗಂಟಿನಲ್ಲಿದ್ದು ಸಾರಜನಕವನ್ನು ಕೊಡುವ ಬ್ಯಾಕ್ಟೀರಿಯವನ್ನೂ ಬರಮಾಡಿಕೊಳ್ಳದು. ಶಿಲೀಂಧ್ರದ ಸಹವಾಸ ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದು. ಬ್ಯಾಕ್ಟೀರಿಯವು ಬಹುಕಾಲದ ಮೇಲೆ ಬಂದು ಅದೇ ಬಾಗಿಲನ್ನು ಬಳಸಿಕೊಂಡಿತು.

ಇದನ್ನು ದಾಸೋಹವೆಂದು ವರ್ಣಿಸುವ ಆಸೆ ಮಠದ ಅನ್ನವುಂಡ ನಮ್ಮಂಥವರಿಗೆ ಸಹಜವೇ. ನಾನು ಒಪ್ಪಲಾರೆ. ಪಂಕ್ತಿಯಲ್ಲಿ ಕುಳಿತವನು ಏನು ತಂದನೆಂದು ದಾಸೋಹದಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಲೆಕ್ಕವು ಕಟ್ಟುನಿಟ್ಟಾದುದು. ಗಿಡವು ಸಕ್ಕರೆಯನ್ನು ಕೊಡುತ್ತದೆ; ಕೊಬ್ಬನ್ನೂ ಕೊಡುತ್ತದೆಂಬುದು 2017ರಲ್ಲಿ ಸಿದ್ಧವಾಯಿತು. ಪ್ರತಿಯಾಗಿ ರಂಜಕವು ಬಾರದಿದ್ದರೆ? ರಂಜಕವನ್ನು ಒಳಗೆ ಸೇರಿಸುವ ವಂಶವಾಹಿಯೊಂದು ಕೆಟ್ಟ ಗಿಡದಲ್ಲಿ, ಶಿಲೀಂಧ್ರವು ಜೀವಕೋಶದೊಳಗೆ ಬೆಳೆಸಿದ ಪುಟ್ಟ ಮರದಂಥ ಕವಲುಗಳು ಅಕಾಲದಲ್ಲಿಯೇ ಅಳಿದುಹೋಗುವುದನ್ನು 2007ರಲ್ಲಿ ತೋರಿಸಲಾಯಿತು. ಸಾಸಿವೆ, ಎಲೆಕೋಸು, ಮೂಲಂಗಿಗಳ ಕುಲವಂತೂ ಈ ನಂಟನ್ನೇ ಕಳಚಿಕೊಂಡು, ಅದಕ್ಕೆ ಬೇಕಾದ ಹಲವು ವಂಶವಾಹಿಗಳನ್ನೂ ಕಳೆದುಕೊಂಡಿದೆ. ಆದರೂ ಸೊಂಪಾಗಿಯೇ ಬೆಳೆಯುತ್ತದೆ! ಹೀಗಾಗಿ ಒಗ್ಗಟ್ಟಿನ ನೀತಿಪಾಠಕ್ಕೆ ಈ ದೃಷ್ಟಾಂತವು ಅಷ್ಟಾಗಿ ಒದಗದು.

ಒಕ್ಕಲಿಗನಿಗೆ ತಟ್ಟುವ ಮಾತು ಬೇರೆಯಿದೆ. ರಂಜಕದ ಕೊರತೆಯಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಸ್ರವಿಸುತ್ತದೆ. ಶಿಲೀಂಧ್ರಕ್ಕೆ ಅದೇ ಕರೆಯೆಂದು ಜಪಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ರಂಜಕದ ಗೊಬ್ಬರವನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಆ ಕರೆ ಕ್ಷೀಣಿಸುತ್ತದೆ. ದುರ್ದೈವದಿಂದ ಅದನ್ನು ಕೇಳುವ ಶತ್ರುವೂ ಉಂಟು: ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಸ್ಟ್ರೈಗಾ ಕಳೆಯ ಬೀಜವು ಅದೇ ದ್ರವ್ಯದ ಸುಳಿವಿಗೆ ಮೊಳೆತು, ಜೋಳದ ಬೇರಿಗೆ ಅಂಟಿ ಸಾರವನ್ನು ಹೀರುತ್ತದೆ. ಕರೆಯನ್ನೇ ಅಡಗಿಸಿದರೆ ಮಿತ್ರನೂ ದೂರವಾಗುವನು. ಆದರೆ ಕೆಲವು ಜೋಳದ ತಳಿಗಳಲ್ಲಿ ಒಂದು ವಂಶವಾಹಿಯ ಲೋಪದಿಂದ ಆ ದ್ರವ್ಯದ ಬಗೆಯೇ ಬದಲಾಗಿ, ಕಳೆಯ ಬೀಜವು ಬಹಳ ಕಡಿಮೆ ಮೊಳೆಯುವುದೆಂದು 2017ರಲ್ಲಿ ಕಂಡುಕೊಂಡಿದ್ದಾರೆ.